ಬೀಡಿ ಮುಟ್ಟದವರ ದಮ್ಮು

ಐವತ್ತು ದಾಟಿದ ಕೃಷಿ ಕೂಲಿ ಮಹಿಳೆಯೊಬ್ಬರು ಆಸ್ಪತ್ರೆಗೆ ಬಂದು, ಕೊಡ ಎತ್ತಿದರೆ ಏದುಸಿರು, ಬೆಳಗಿನ ಜಾವ ಕೆಮ್ಮು, ಕಫ ಎಂದು ಹೇಳಿಕೊಂಡರೆ ಸಾಮಾನ್ಯವಾಗಿ ಏನಾಗುತ್ತದೆ? ರಕ್ತ ಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ ಕಡಿಮೆ ಬರುತ್ತದೆ, ಕಬ್ಬಿಣದ ಮಾತ್ರೆ ಸಿಗುತ್ತದೆ. ಕೆಮ್ಮಿಗೊಂದು ಸಿರಪ್, ಐದು ದಿನಕ್ಕೆ ಆ್ಯಂಟಿಬಯಾಟಿಕ್. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲ ಎಂದು ಗೊತ್ತಾದರೆ ಎಲ್ಲರಿಗೂ ಸಮಾಧಾನ. ‘ವಯಸ್ಸಾಯಿತಲ್ಲಮ್ಮ, ಭಾರ ಎತ್ತಬೇಡಿ’ ಎಂಬ ಮಾತು ಕೇಳಿಕೊಂಡು ಅವರು ಮನೆಗೆ ಮರಳುತ್ತಾರೆ. ಇದೇ ದೂರನ್ನು ಬೀಡಿ ಸೇದುವ ಗಂಡಸು ಹೇಳಿದ್ದರೆ ಶ್ವಾಸಕೋಶದ ಕಡೆಗೆ ಅನುಮಾನ ಹೋಗುತ್ತಿತ್ತು. ಈಕೆ ಬೀಡಿ ಮುಟ್ಟಿದವರಲ್ಲ, ಹಾಗಾಗಿ ತನಿಖೆ ಅಲ್ಲಿಗೇ ನಿಲ್ಲುತ್ತದೆ. ಎಂಥ ಒಲೆಯ ಮುಂದೆ ಎಷ್ಟು ವರ್ಷ ಕುಳಿತಿದ್ದೀರಿ ಎಂದು ಕೇಳುವವರು ವಿರಳ.

ಅವರಿಗಿರುವುದು ಬಹುಮಟ್ಟಿಗೆ ಸಿಒಪಿಡಿ, ಅಂದರೆ ಉಸಿರಿನ ಹಾದಿ ನಿಧಾನವಾಗಿ ಕಿರಿದಾಗುತ್ತ ಹೋಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಸತ್ತರು. ಭಾರತದಲ್ಲಿ 1990ರಲ್ಲಿ 2.8 ಕೋಟಿಯಷ್ಟಿದ್ದ ಸಿಒಪಿಡಿ ರೋಗಿಗಳ ಸಂಖ್ಯೆ 2016ರ ಹೊತ್ತಿಗೆ 5.5 ಕೋಟಿಗೆ ಏರಿತ್ತು ಎಂದು ರಾಜ್ಯವಾರು ರೋಗಭಾರದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ನಮ್ಮ ದೇಶದಲ್ಲಿ ಹೃದ್ರೋಗವನ್ನು ಬಿಟ್ಟರೆ ಅತಿ ಹೆಚ್ಚು ಜೀವ ತೆಗೆಯುವ ಕಾಯಿಲೆಗಳ ಸಾಲಿನಲ್ಲಿ ಇದು ನಿಲ್ಲುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಹೆಸರು ಪ್ರತಿ ಮನೆಗೂ ಗೊತ್ತು. ಸಿಒಪಿಡಿ ಎಂಬ ಹೆಸರು, ಅದರಿಂದಲೇ ಹತ್ತು ವರ್ಷ ನರಳಿದವರ ಮನೆಯವರಿಗೂ ಗೊತ್ತಿರುವುದಿಲ್ಲ. ದಮ್ಮು, ಉಬ್ಬಸ, ಗೂರಲು ಎಂದೇ ಕೊನೆಯವರೆಗೂ ಕರೆದಿರುತ್ತಾರೆ.

ಅದೇ ಅಧ್ಯಯನದ ಇನ್ನೊಂದು ಅಂಕಿಅಂಶವನ್ನು ನಾನು ಇನ್ನೂ ಮುಖ್ಯ ಎಂದು ಭಾವಿಸುತ್ತೇನೆ. ಭಾರತದಲ್ಲಿ ಸಿಒಪಿಡಿಯಿಂದಾಗುವ ಆರೋಗ್ಯ ನಷ್ಟದಲ್ಲಿ ಶೇ 53.7ರಷ್ಟು ಪಾಲು ವಾಯುಮಾಲಿನ್ಯದ್ದು. ಮನೆಯೊಳಗಿನ ಹೊಗೆ, ಹೊರಗಿನ ಗಾಳಿ ಎರಡೂ ಇದರಲ್ಲಿ ಸೇರಿವೆ. ತಂಬಾಕಿನ ಪಾಲು ಶೇ 25.4, ಕೆಲಸದ ಜಾಗದ ದೂಳು ಮತ್ತು ಹೊಗೆಯದು ಶೇ 16.5. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಶೇ 70ಕ್ಕೂ ಹೆಚ್ಚು ಪ್ರಕರಣಗಳಿಗೆ ಧೂಮಪಾನವೇ ಕಾರಣ. ನಮ್ಮ ವೈದ್ಯಕೀಯ ಪಠ್ಯ ರೂಪುಗೊಂಡದ್ದು ಅಂಥ ದೇಶಗಳ ರೋಗಿಗಳನ್ನು ನೋಡಿ. ಆ ಪಠ್ಯದಲ್ಲಿ ಬರುವ ಸಿಒಪಿಡಿ ರೋಗಿ ಸಿಗರೇಟು ಸೇದುವ ಮುದುಕ. ನಮ್ಮ ಹಳ್ಳಿಯ ರೋಗಿಯನ್ನು ಆ ಅಚ್ಚಿನಲ್ಲಿ ಹುಡುಕಿದರೆ ಅರ್ಧಕ್ಕರ್ಧ ಜನ ಕಣ್ಣಿಗೆ ಬೀಳುವುದೇ ಇಲ್ಲ.

ಎದೆಯೊಳಗೆ ಆಗುವುದೇನು? ಗಂಟಲಿನಿಂದ ಇಳಿದ ಶ್ವಾಸನಾಳ ಕವಲೊಡೆಯುತ್ತ ಸುಮಾರು ಇಪ್ಪತ್ಮೂರು ಹಂತ ದಾಟಿ ಕೋಟ್ಯಂತರ ಸೂಕ್ಷ್ಮ ಗಾಳಿಗೂಡುಗಳಲ್ಲಿ ಕೊನೆಗೊಳ್ಳುತ್ತದೆ. ದೊಡ್ಡ ಕಣಗಳನ್ನು ಮೂಗು, ಗಂಟಲು ತಡೆಯುತ್ತವೆ. ಹೊಗೆಯ ಕಣಗಳು ಎಷ್ಟು ಸಣ್ಣವೆಂದರೆ ಕೊನೆಯ ಕವಲಿನವರೆಗೂ ಹೋಗಿ ಕೂರುತ್ತವೆ. ಅವುಗಳನ್ನು ಹೊರಹಾಕಲು ದೇಹ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಆ ಕಣಗಳು ಸುರಿಸುವ ಕಿಣ್ವಗಳು ಶ್ವಾಸಕೋಶದ ಅಂಗಾಂಶವನ್ನೇ ಕರಗಿಸತೊಡಗುತ್ತವೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಸಣ್ಣ ನಾಳಗಳ ಗೋಡೆ ಊದಿಕೊಂಡು ದಪ್ಪವಾಗುತ್ತದೆ, ಕಫದ ಗ್ರಂಥಿಗಳು ಹಿಗ್ಗುತ್ತವೆ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ನಾಶವಾಗುತ್ತವೆ. ಇನ್ನೊಂದೆಡೆ ಗಾಳಿಗೂಡುಗಳ ನಡುವಿನ ತೆಳುಗೋಡೆಗಳೂ ಒಡೆಯುತ್ತವೆ. ಈ ಗೋಡೆಗಳೇ ನಾಲ್ಕೂ ಕಡೆಯಿಂದ ಎಳೆದು ಹಿಡಿದು ಸಣ್ಣ ನಾಳಗಳನ್ನು ತೆರೆದಿಟ್ಟಿರುತ್ತವೆ. ಸುತ್ತಲಿನ ಹಗ್ಗ ಕಡಿದ ಚಪ್ಪರ ಕುಸಿಯುವ ಹಾಗೆ, ಹಿಡಿತ ತಪ್ಪಿದ ನಾಳಗಳು ಉಸಿರು ಬಿಡುವಾಗ ಮುಚ್ಚಿಕೊಳ್ಳುತ್ತವೆ.

ಅದಕ್ಕೇ ಇವರ ಕಷ್ಟವಿರುವುದು ಉಸಿರು ಎಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಹೊರಬಿಡುವುದರಲ್ಲಿ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವ ಮೊದಲೇ ಮುಂದಿನ ಉಸಿರಿನ ಸರದಿ ಬಂದಿರುತ್ತದೆ. ಹಳೆಯ ಗಾಳಿ ಎದೆಯಲ್ಲೇ ಉಳಿದು ಎದೆಗೂಡು ಉಬ್ಬುತ್ತದೆ. ಏರು ಹತ್ತುವಾಗ, ಬಟ್ಟೆ ಒಗೆಯುವಾಗ ಉಸಿರಾಟ ಚುರುಕಾದಷ್ಟೂ ಗಾಳಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಅಸ್ತಮಾದಲ್ಲೂ ನಾಳ ಕಿರಿದಾಗುತ್ತದೆ. ಆದರೆ ಅದು ಹೆಚ್ಚಾಗಿ ಚಿಕ್ಕಂದಿನಲ್ಲೇ ಶುರುವಾಗಿ, ಬಂದು ಹೋಗಿ ಮಾಡುತ್ತದೆ, ನಡುವೆ ಉಸಿರಾಟ ಬಹುತೇಕ ಸಹಜವಾಗಿರುತ್ತದೆ. ಸಿಒಪಿಡಿಯಲ್ಲಿ ಪೂರ್ತಿ ಸಹಜವಾದ ದಿನ ಎಂಬುದಿಲ್ಲ.

ಇನ್ನು ಒಲೆಯ ವಿಷಯ. ಕರ್ನಾಟಕದಲ್ಲಿ ಉರುವಲು ಪ್ರದೇಶಕ್ಕೊಂದು ಬಗೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಕಾಡಿನ ಸೌದೆ, ತೆಂಗಿನ ಗರಿ, ಗರಟೆ, ಅಡಿಕೆ ಸೋಗೆ. ಕಲಬುರಗಿ ಕಡೆ ತೊಗರಿ ಕಟ್ಟಿಗೆ. ಹತ್ತಿ ಬೆಳೆಯುವಲ್ಲಿ ಹತ್ತಿ ಕಟ್ಟಿಗೆ. ಬಯಲುಸೀಮೆಯಲ್ಲಿ ಬೆರಣಿ, ಜಾಲಿ. ಮಳೆಗಾಲದಲ್ಲಿ ಇವೆಲ್ಲ ತೇವವಾಗಿ ಉರಿಗಿಂತ ಹೊಗೆಯೇ ಹೆಚ್ಚು. ಆಗ ಕೈಗೆ ಬರುವುದು ಊದುಗೊಳವೆ. ಒಲೆ ಊದುವವರನ್ನು ಹತ್ತಿರದಿಂದ ಗಮನಿಸಿದರೆ ಕಾಯಿಲೆಯ ದಾರಿ ಕಣ್ಣಿಗೆ ಕಟ್ಟುತ್ತದೆ. ಮುಖ ಒಲೆಬಾಯಿಯ ಹತ್ತಿರ ಬಗ್ಗಿರುತ್ತದೆ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಕೊಳವೆಗೆ ಊದಿ ಖಾಲಿ ಮಾಡುತ್ತಾರೆ. ಬೂದಿ, ಹೊಗೆ ಮುಖಕ್ಕೆ ಎದ್ದ ಆ ಗಳಿಗೆಯಲ್ಲೇ ದೇಹ ಮತ್ತೆ ಎದೆ ತುಂಬ ಉಸಿರೆಳೆಯುತ್ತದೆ. ಸಿಗರೇಟು ಸೇದುವವರ ದೀರ್ಘ ಎಳೆತಕ್ಕೂ ಇದಕ್ಕೂ ಶ್ವಾಸಕೋಶದ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ. ಸೊಂಟದ ಮೇಲೆ ಮಗು ಇದ್ದರೆ ಅದಕ್ಕೂ ಅದೇ ಗಾಳಿ.

ಈ ಒಡನಾಟವನ್ನು ಅಳೆಯಲು ತಜ್ಞರು ಸರಳ ಲೆಕ್ಕವೊಂದನ್ನು ಬಳಸುತ್ತಾರೆ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು, ಹಾಗೆ ಅಡುಗೆ ಮಾಡಿದ ವರ್ಷಗಳಿಂದ ಗುಣಿಸಬೇಕು. ಮೈಸೂರು ಜಿಲ್ಲೆಯ ಗ್ರಾಮಾಂತರದ ಮಹಿಳೆಯರಲ್ಲಿ ನಡೆದ ಅಧ್ಯಯನದಲ್ಲಿ ಈ ಗುಣಲಬ್ಧ 60 ತಲುಪಿದವರಲ್ಲಿ ದೀರ್ಘಕಾಲದ ಶ್ವಾಸನಾಳ ಉರಿಯೂತದ ಅಪಾಯ ಸ್ಪಷ್ಟವಾಗಿ ಏರಿರುವುದು ಕಂಡಿತು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ನಲವತ್ತು ಮುಟ್ಟುವ ಮೊದಲೇ ಆ ಗಡಿ ದಾಟಿರುತ್ತಾಳೆ, ತವರುಮನೆಯ ಒಲೆಯನ್ನು ಲೆಕ್ಕಕ್ಕೆ ಹಿಡಿಯದೆಯೇ.

ಸೌದೆ ಹೊಗೆಯ ಸಿಒಪಿಡಿ ಸಿಗರೇಟಿನ ಸಿಒಪಿಡಿಯ ತದ್ರೂಪವಲ್ಲ. ಹೊಗೆ ಕುಡಿದ ಮಹಿಳೆಯರಲ್ಲಿ ಸಣ್ಣ ನಾಳಗಳು ಗಾಯದ ಕಲೆಯಂತೆ ಗಟ್ಟಿಯಾಗುವುದು ಹೆಚ್ಚು, ಗಾಳಿಗೂಡು ಒಡೆಯುವುದು ಕಡಿಮೆ ಎಂಬುದನ್ನು ಮೆಕ್ಸಿಕೊ ದೇಶದ ಅಧ್ಯಯನಗಳು ತೋರಿಸಿವೆ. ಶ್ವಾಸಕೋಶದ ಸಾಮರ್ಥ್ಯ ಕುಸಿಯುವ ವೇಗವೂ ಅವರಲ್ಲಿ ನಿಧಾನ. ಇದರಲ್ಲಿ ಒಳ್ಳೆಯ ಸುದ್ದಿ ಇದೆ: ಸಮಯಕ್ಕೆ ಹಿಡಿದರೆ ತಡೆಯಲು ಹೆಚ್ಚು ಕಾಲಾವಕಾಶ ಸಿಗುತ್ತದೆ. ಆದರೆ ನಿಧಾನವಾಗಿ ಬರುವ ಕಾಯಿಲೆಗೆ ದೇಹ ಹೊಂದಿಕೊಂಡುಬಿಡುತ್ತದೆ. ಎರಡು ಕೊಡ ಹೊರುತ್ತಿದ್ದವರು ಒಂದಕ್ಕೆ ಇಳಿಯುತ್ತಾರೆ, ಜಾತ್ರೆಗೆ ನಡೆದು ಹೋಗುವುದನ್ನು ಬಿಡುತ್ತಾರೆ, ಮಹಡಿ ಮನೆಯ ನೆಂಟರಲ್ಲಿಗೆ ಹೋಗುವುದು ನಿಲ್ಲುತ್ತದೆ. ಯಾರೂ ಇದನ್ನು ಕಾಯಿಲೆ ಎಂದು ಎಣಿಸುವುದಿಲ್ಲ.

ಅಡುಗೆ ಅನಿಲ ಬಂದ ಮೇಲೂ ಈ ಸಮಸ್ಯೆ ಉಳಿದಿದೆಯೇ ಎಂದು ಕೇಳಬಹುದು. 2016ರ ಮೇ 1ರಂದು ಉತ್ತರಪ್ರದೇಶದ ಬಲಿಯಾದಲ್ಲಿ ಶುರುವಾದ ಉಜ್ವಲಾ ಯೋಜನೆ ಇದುವರೆಗೆ ಹತ್ತು ಕೋಟಿಗೂ ಹೆಚ್ಚು ಸಂಪರ್ಕ ಕೊಟ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಶೇ 80ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತಿದ್ದವು. ಇದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಸಮೀಕ್ಷೆ ಕೇಳುವುದು ಅಡುಗೆಗೆ ಮುಖ್ಯವಾಗಿ ಯಾವ ಇಂಧನ ಎಂದು. ಸ್ನಾನದ ನೀರನ್ನು ಯಾವುದರಲ್ಲಿ ಕಾಯಿಸುತ್ತೀರಿ ಎಂಬುದಕ್ಕೆ ಆ ಅಂಕಿಯಲ್ಲಿ ಜಾಗವಿಲ್ಲ.

ಮಲೆನಾಡಿನಲ್ಲಿ, ಹಳೆ ಮೈಸೂರಿನಲ್ಲಿ ಒಮ್ಮೆ ಸುತ್ತಿ ಬಂದರೆ ಗೊತ್ತಾಗುತ್ತದೆ: ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಬಚ್ಚಲಮನೆಯಲ್ಲಿ ಹಂಡೆ ಒಲೆ ಉರಿಯುತ್ತಲೇ ಇರುತ್ತದೆ. ಸಿಲಿಂಡರ್ ದುಬಾರಿ, ಸೌದೆ ತೋಟದಲ್ಲೇ ಸಿಗುತ್ತದೆ. ಆರೇಳು ಜನಕ್ಕೆ ಸ್ನಾನದ ನೀರು, ದನಗಳಿಗೆ ಬೇಯಿಸುವುದು, ಭತ್ತ ಬೇಯಿಸುವುದು, ಅಡಿಕೆ ಬೇಯಿಸುವುದು, ಹಬ್ಬದಡುಗೆ ಎಲ್ಲವೂ ಸೌದೆಯ ಮೇಲೆಯೇ. ಉಜ್ವಲಾ ಫಲಾನುಭವಿಗಳು ವರ್ಷಕ್ಕೆ ಸರಾಸರಿ ನಾಲ್ಕೈದು ಸಿಲಿಂಡರ್ ಮಾತ್ರ ತುಂಬಿಸಿಕೊಳ್ಳುತ್ತಾರೆ ಎಂಬ ಸರ್ಕಾರಿ ಲೆಕ್ಕವೇ ಇದನ್ನು ಹೇಳುತ್ತದೆ. ತಿಂಗಳಿಗೊಂದು ಬೇಕಾಗುವ ಕುಟುಂಬ ವರ್ಷಕ್ಕೆ ನಾಲ್ಕೈದರಲ್ಲಿ ಬದುಕುತ್ತಿದೆ ಎಂದರೆ ಉಳಿದ ಶಾಖ ಬೇರೆಲ್ಲಿಂದಲೋ ಬರಬೇಕಲ್ಲ. ಬಚ್ಚಲಮನೆ ಅಡುಗೆಮನೆಗಿಂತ ಇಕ್ಕಟ್ಟು, ಕಿಟಕಿ ಇಲ್ಲದಿರುವುದೇ ಹೆಚ್ಚು. ಬೆಳಗಿನ ಜಾವ ಮೊದಲು ಎದ್ದು ಅಲ್ಲಿ ಬೆಂಕಿ ಹಚ್ಚುವವರು ಯಾರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಒಲೆಗಳಿಗೆ ಪರಿಹಾರವೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕೆಲಸ ಮಾಡುತ್ತ ರೂಪಿಸಿದ ಮೂರು ಪಾತ್ರೆಯ ಒಲೆಯನ್ನು ಹಿರಿಯರು ಇನ್ನೂ ಅಸ್ತ್ರ ಒಲೆ ಎಂದೇ ನೆನಪಿಟ್ಟುಕೊಂಡಿದ್ದಾರೆ. ಸೌದೆಯೂ ಉಳಿಯುತ್ತಿತ್ತು, ಹೊಗೆಯೂ ಕೊಳವೆಯ ಮೂಲಕ ಸೂರಿನಾಚೆ ಹೋಗುತ್ತಿತ್ತು. 1980ರ ದಶಕದಲ್ಲಿ ರಾಜ್ಯದ ಎಷ್ಟೋ ಹಳ್ಳಿಗಳಿಗೆ ಅದು ತಲುಪಿತು. ಕೊಳವೆಯಲ್ಲಿ ಕಟ್ಟಿದ ಮಸಿ ತೆಗೆಯುವುದು, ಒಡೆದ ಭಾಗ ಬದಲಿಸುವುದು ಮುಂತಾದ ಆರೈಕೆ ಬೇಡುವ ಒಲೆ ಅದು. ಹೊಗೆ ಕೊಳವೆಯಿಂದ ಶ್ವಾಸಕೋಶಕ್ಕೆ ನಿಜಕ್ಕೂ ಪ್ರಯೋಜನವಾಗುತ್ತದೆಯೇ? ಚೀನಾದ ಯುನ್ನಾನ್ ಪ್ರಾಂತ್ಯದ ಷುವಾನ್‌ವೇಯಲ್ಲಿ ಮನೆಯೊಳಗೆ ಕಲ್ಲಿದ್ದಲು ಉರಿಸುತ್ತಿದ್ದ ಕುಟುಂಬಗಳನ್ನು ದೀರ್ಘಕಾಲ ಹಿಂಬಾಲಿಸಿದ ಸಂಶೋಧಕರು, ಒಲೆಗೆ ಚಿಮಣಿ ಅಳವಡಿಸಿದ ಮನೆಗಳಲ್ಲಿ ಸಿಒಪಿಡಿ ಗಂಡಸರಲ್ಲೂ ಹೆಂಗಸರಲ್ಲೂ ಗಣನೀಯವಾಗಿ ಕಡಿಮೆಯಾದುದನ್ನು ಕಂಡರು. ದಕ್ಷಿಣ ಚೀನಾದ ಹಳ್ಳಿಗಳಲ್ಲಿ ಜೈವಿಕ ಅನಿಲ ಮತ್ತು ಗಾಳಿಯಾಡುವ ಅಡುಗೆಮನೆ ಒದಗಿಸಿ ಒಂಬತ್ತು ವರ್ಷ ನೋಡಿದಾಗಲೂ ಶ್ವಾಸಕೋಶದ ಕುಸಿತ ನಿಧಾನವಾಗಿತ್ತು. ಹೀಗಾಗಿ ಬಚ್ಚಲ ಒಲೆಗೊಂದು ಸರಿಯಾದ ಚಿಮಣಿ, ಸಾಧ್ಯವಿದ್ದಲ್ಲಿ ಸೌರ ಶಾಖದ ಬಿಸಿನೀರು, ಇವುಗಳಿಗೆ ಸಹಾಯಧನ ಕೊಡುವುದನ್ನು ನಾನು ಆರೋಗ್ಯದ ಖರ್ಚು ಎಂದೇ ಲೆಕ್ಕ ಹಾಕುತ್ತೇನೆ.

ತಂಬಾಕಿನ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಒಂದು ಮಾತು ಮಾತ್ರ: ಬೀಡಿ ಸಣ್ಣದು, ಅದರಲ್ಲಿ ತಂಬಾಕು ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ ಎಂಬ ನಂಬಿಕೆ ತಪ್ಪು. ಬೀಡಿಯ ಎಲೆ ತಾನಾಗಿ ಉರಿಯುವುದಿಲ್ಲ. ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಕೊನೆಗೆ ಎದೆಗಿಳಿಯುವ ಟಾರ್ ಮತ್ತು ಇಂಗಾಲದ ಮಾನಾಕ್ಸೈಡ್ ಸಿಗರೇಟಿನದಕ್ಕೆ ಕಡಿಮೆಯೇನಿಲ್ಲ. ಸೊಳ್ಳೆ ಬತ್ತಿಯನ್ನೂ ಇಲ್ಲೇ ನೆನೆಯಬೇಕು. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳದಕ್ಕೆ ಸಮ ಎಂದು 2003ರ ಅಧ್ಯಯನವೊಂದು ಅಳೆದು ಹೇಳಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಕ್ಕಳ ತಲೆಯ ಬಳಿ ಅದನ್ನು ಹಚ್ಚಿಟ್ಟು ಮಲಗುವವರಿಗೆ ಸೊಳ್ಳೆ ಪರದೆ ಎಷ್ಟೋ ವಾಸಿ.

ದೂಳಿನ ಕಥೆ ಕರ್ನಾಟಕದ್ದೇ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. 1940ರ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಕಾಯಿಲೆ ಪತ್ತೆಯಾಯಿತು. ಸಿಲಿಕೋಸಿಸ್ ಬೇರೆಯೇ ರೋಗ, ಕಲ್ಲಿನ ಸೂಕ್ಷ್ಮ ಪುಡಿ ಶ್ವಾಸಕೋಶದಲ್ಲಿ ಗಂಟು ಕಟ್ಟುವುದು ಅದರ ಲಕ್ಷಣ. ಆದರೆ ಅದೇ ದೂಳು ಸಿಒಪಿಡಿಯನ್ನೂ ತರುತ್ತದೆ, ಕ್ಷಯಕ್ಕೂ ಬಾಗಿಲು ತೆರೆಯುತ್ತದೆ. 2001ರಲ್ಲಿ ಆ ಗಣಿ ಮುಚ್ಚಿತು. ದೂಳು ಮಾತ್ರ ಕಲ್ಲು ಕ್ವಾರಿಗೆ, ಕ್ರಷರ್‌ಗೆ, ಗ್ರಾನೈಟ್ ಕತ್ತರಿಸುವ ಶೆಡ್ಡಿಗೆ ವರ್ಗವಾಯಿತು. ಅಲ್ಲಿ ದುಡಿಯುವವರಲ್ಲಿ ಬಹಳಷ್ಟು ಜನ ವಲಸೆ ಬಂದವರು, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು. ಇಪ್ಪತ್ತು ವರ್ಷದ ನಂತರ ಉಸಿರು ಕಟ್ಟಿದಾಗ ತಾನು ಯಾವ ಮಾಲೀಕನ ಬಳಿ ದುಡಿದೆ ಎಂದು ತೋರಿಸಲು ಅವರ ಬಳಿ ಒಂದು ಚೀಟಿಯೂ ಇರುವುದಿಲ್ಲ. ಮುಖಕ್ಕೆ ಕಟ್ಟಿಕೊಂಡ ಟವೆಲು ಈ ಕಣಗಳನ್ನು ತಡೆಯದು. ಕಲ್ಲು ಒಡೆಯುವ ಜಾಗದಲ್ಲೇ ನೀರು ಸಿಂಪಡಿಸಿ ದೂಳು ಏಳದಂತೆ ಮಾಡುವುದೊಂದೇ ನಂಬಬಹುದಾದ ರಕ್ಷಣೆ. ಹತ್ತಿ ಜಿನ್ನಿಂಗ್ ಕಾರ್ಖಾನೆ, ಆಲೆಮನೆ, ಅಕ್ಕಿ ಗಿರಣಿ, ರೇಷ್ಮೆ ನೂಲು ತೆಗೆಯುವ ಮನೆಗಳದ್ದೂ ಇದೇ ಗೋಳು.

ಇನ್ನೆರಡು ಕಾರಣಗಳನ್ನು ಬಿಡುವಂತಿಲ್ಲ. ಒಂದು, ಹಳೆಯ ಕ್ಷಯ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನ ಭಾರತದಲ್ಲಿದ್ದಾರೆ. ಮಾತ್ರೆಯ ಕೋರ್ಸ್ ಮುಗಿದು ‘ಗುಣವಾಗಿದೆ’ ಎಂದು ಬರೆದುಕೊಟ್ಟ ಮೇಲೂ ಶ್ವಾಸಕೋಶದಲ್ಲಿ ಕಲೆ, ಹಿಗ್ಗಿದ ನಾಳಗಳು ಉಳಿದು ಜೀವಮಾನವಿಡೀ ಏದುಸಿರು ತರುತ್ತವೆ. ಇನ್ನೊಂದು, ಬಾಲ್ಯ. ನಮ್ಮ ಶ್ವಾಸಕೋಶ ಇಪ್ಪತ್ತು–ಇಪ್ಪತ್ತೈದರ ವಯಸ್ಸಿನವರೆಗೆ ಬೆಳೆದು ನಂತರ ಎಲ್ಲರಲ್ಲೂ ನಿಧಾನವಾಗಿ ಇಳಿಮುಖವಾಗುತ್ತದೆ. ಕಡಿಮೆ ತೂಕದಲ್ಲಿ ಹುಟ್ಟಿದ, ಪದೇ ಪದೇ ನ್ಯುಮೋನಿಯಾಕ್ಕೆ ತುತ್ತಾದ, ಹೊಗೆಯಲ್ಲಿ ಬೆಳೆದ ಮಗು ಆ ಶಿಖರವನ್ನೇ ತಲುಪುವುದಿಲ್ಲ. 2015ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಇಂಥವರು. ಇಳಿಕೆ ಸಹಜ ವೇಗದ್ದೇ, ಇಳಿಯಲು ಆರಂಭಿಸಿದ ಎತ್ತರವೇ ತಗ್ಗು.

ಪತ್ತೆ ಹಚ್ಚುವ ಪರೀಕ್ಷೆ ತೀರಾ ಸರಳ. ಅದರ ಹೆಸರು ಸ್ಪೈರೊಮೆಟ್ರಿ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಸಾಧ್ಯವಾದಷ್ಟು ಉಸಿರೆಳೆದು, ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಒಮ್ಮೆಗೇ ಜೋರಾಗಿ ಊದಿ, ಎದೆ ಪೂರ್ತಿ ಖಾಲಿಯಾಗುವವರೆಗೆ ಊದುತ್ತಲೇ ಇರಬೇಕು. ಕನಿಷ್ಠ ಆರು ಸೆಕೆಂಡು. ಪಕ್ಕದಲ್ಲಿ ನಿಂತ ತಂತ್ರಜ್ಞರು ‘ಊದಿ, ಊದಿ, ಇನ್ನೂ ಊದಿ’ ಎಂದು ಕೂಗುತ್ತಿರುತ್ತಾರೆ. ಇಡೀ ಪರೀಕ್ಷೆ ನಿಂತಿರುವುದೇ ಆ ಉತ್ತೇಜನದ ಮೇಲೆ. ಅರೆಮನಸ್ಸಿನಿಂದ ಊದಿದರೆ ಫಲಿತಾಂಶ ಕೆಲಸಕ್ಕೆ ಬಾರದು. ನಂತರ ನಾಳ ಹಿಗ್ಗಿಸುವ ಔಷಧಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಒಟ್ಟು ಊದಿದ ಗಾಳಿಯಲ್ಲಿ ಶೇ 70ರಷ್ಟಾದರೂ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರಬೇಕು. ಔಷಧಿಯ ನಂತರವೂ ಅದಕ್ಕಿಂತ ಕಡಿಮೆಯಿದ್ದು, ರೋಗಿಯ ಲಕ್ಷಣಗಳೂ ಹೊಗೆ–ದೂಳಿನ ಹಿನ್ನೆಲೆಯೂ ತಾಳೆಯಾದರೆ ಅದು ಸಿಒಪಿಡಿ. ಎದೆಯ ಎಕ್ಸ್-ರೇ ಕ್ಷಯವನ್ನೋ ಗಡ್ಡೆಯನ್ನೋ ತೋರಿಸಬಹುದು. ಸಿಒಪಿಡಿಯ ಆರಂಭದಲ್ಲಿ ಅದು ಬಹುತೇಕ ಸಹಜವಾಗಿಯೇ ಕಾಣುತ್ತದೆ. ‘ಎಕ್ಸ್-ರೇ ಚೆನ್ನಾಗಿದೆ’ ಎಂಬ ಮಾತಿನಿಂದ ಎಷ್ಟು ಜನರ ಎಷ್ಟು ವರ್ಷ ವ್ಯರ್ಥವಾಗಿದೆಯೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಚಿಕಿತ್ಸೆಯಲ್ಲಿ ಮೊದಲ ಮದ್ದು ಹೊಗೆಯಿಂದ ದೂರವಾಗುವುದು. ಧೂಮಪಾನ ಬಿಟ್ಟವರ ಶ್ವಾಸಕೋಶದ ಕುಸಿತ, ಎಂದೂ ಸೇದದವರ ವೇಗಕ್ಕೆ ಹತ್ತಿರ ಬರುತ್ತದೆ ಎಂಬುದು 1970ರ ದಶಕದಿಂದಲೇ ತಿಳಿದ ಸಂಗತಿ. ಕಳೆದುಹೋದದ್ದು ಮರಳುವುದಿಲ್ಲ, ಉಳಿದದ್ದು ಉಳಿಯುತ್ತದೆ. ಅರವತ್ತರಲ್ಲಿ ಬಿಟ್ಟರೂ ಲಾಭವಿದೆ. ಬಿಡಲು ಮನೋಬಲವೊಂದೇ ಸಾಲದಿದ್ದರೆ ನಿಕೋಟಿನ್ ಗಮ್ ಮತ್ತು ಮಾತ್ರೆಗಳಿವೆ. ರಾಷ್ಟ್ರೀಯ ಉಚಿತ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿದರೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಆಪ್ತ ಸಲಹೆ ಸಿಗುತ್ತದೆ.

ಎರಡನೆಯದು ಇನ್ಹೇಲರ್. ಇದರ ಮೇಲಿರುವಷ್ಟು ಅಪನಂಬಿಕೆ ಬೇರಾವ ಔಷಧಿಯ ಮೇಲೂ ಇಲ್ಲ. ‘ಒಮ್ಮೆ ಹಿಡಿದರೆ ಅಭ್ಯಾಸವಾಗಿಬಿಡುತ್ತದೆ’, ‘ಅದು ಕೊನೆಯ ಹಂತದವರಿಗೆ’, ‘ಮಗಳ ಮದುವೆ ಆಗುವವರೆಗೆ ಬೇಡ’ ಎಂಬ ಮಾತುಗಳಿಂದಾಗಿ ಜನ ಮಾತ್ರೆಗೇ ಅಂಟಿಕೊಳ್ಳುತ್ತಾರೆ. ಲೆಕ್ಕ ನೋಡಿ: ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 2ರಿಂದ 4 ಮಿಲಿಗ್ರಾಂ ಔಷಧಿ ಇರುತ್ತದೆ. ಇನ್ಹೇಲರ್‌ನ ಒಂದು ಪಫ್‌ನಲ್ಲಿರುವುದು 100 ಮೈಕ್ರೊಗ್ರಾಂ, ಅಂದರೆ ಅದರ ಇಪ್ಪತ್ತರಿಂದ ನಲವತ್ತನೇ ಒಂದು ಭಾಗ. ಮಾತ್ರೆ ಹೊಟ್ಟೆ, ರಕ್ತ ಎಲ್ಲ ಸುತ್ತಿ ಕೈ ನಡುಗಿಸಿ, ಎದೆ ಡವಗುಟ್ಟಿಸಿ ಕೊನೆಗೆ ಶ್ವಾಸನಾಳ ಸೇರುತ್ತದೆ. ಪಫ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ದಿನವೂ ತೆಗೆದುಕೊಳ್ಳಬೇಕಾದ ಟಿಯೊಟ್ರೊಪಿಯಂ, ಫಾರ್ಮೊಟೆರಾಲ್ ಮುಂತಾದ ದೀರ್ಘಾವಧಿಯ ಔಷಧಿಗಳು ಏದುಸಿರು ತಗ್ಗಿಸುತ್ತವೆ, ಕಾಯಿಲೆ ಹಠಾತ್ತನೆ ಉಲ್ಬಣಿಸಿ ಆಸ್ಪತ್ರೆ ಸೇರುವುದನ್ನೂ ಕಡಿಮೆ ಮಾಡುತ್ತವೆ. ಸ್ಟಿರಾಯ್ಡ್ ಇರುವ ಇನ್ಹೇಲರ್ ಎಲ್ಲ ಸಿಒಪಿಡಿ ರೋಗಿಗಳಿಗೂ ಬೇಕಿಲ್ಲ. ಪದೇ ಪದೇ ಉಲ್ಬಣಗೊಳ್ಳುವ, ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಹೆಚ್ಚಿರುವವರಿಗೆ ಅದು ಹೆಚ್ಚು ಪ್ರಯೋಜನಕಾರಿ. ಉಳಿದವರಲ್ಲಿ ನ್ಯುಮೋನಿಯಾದ ಅಪಾಯ ಹೆಚ್ಚಿಸಬಹುದು.

ಆದರೆ ಇನ್ಹೇಲರ್ ಬರೆದುಕೊಟ್ಟರೆ ಕೆಲಸ ಮುಗಿಯಲಿಲ್ಲ. ಒತ್ತಿದರೆ ಚಿಮ್ಮುವ ಪಂಪ್ ಬಳಸುವಾಗ ಮೊದಲು ಕುಲುಕಬೇಕು, ಉಸಿರು ಪೂರ್ತಿ ಬಿಡಬೇಕು, ನಿಧಾನವಾಗಿ ಎಳೆಯಲು ಆರಂಭಿಸಿದ ಕ್ಷಣಕ್ಕೆ ಒತ್ತಬೇಕು, ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇದ್ದು ನಂತರ ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಈ ಹೊಂದಾಣಿಕೆ ವಯಸ್ಸಾದವರಿಗೆ ಕಷ್ಟ. ಅದಕ್ಕೆಂದೇ ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಇದೆ, ಔಷಧಿ ಅದರೊಳಗೆ ತಂಗುವುದರಿಂದ ಆತುರಪಡಬೇಕಿಲ್ಲ. ಕ್ಯಾಪ್ಸೂಲಿನ ಪುಡಿಯನ್ನು ಎಳೆಯುವ ರೊಟಾಹೇಲರ್ ಮಾದರಿಯದಕ್ಕೆ ತದ್ವಿರುದ್ಧ ಕ್ರಮ: ಅಲ್ಲಿ ಒಮ್ಮೆಗೇ ಜೋರಾಗಿ, ಆಳವಾಗಿ ಎಳೆಯಬೇಕು. ಒಂದರ ಕ್ರಮವನ್ನು ಇನ್ನೊಂದಕ್ಕೆ ಬಳಸಿದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಯಾರೂ ಹೇಳಿಕೊಡದೆ ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದವರೂ ಇದ್ದಾರೆ. ಸ್ಟಿರಾಯ್ಡ್ ಇರುವುದನ್ನು ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣು ಬರುತ್ತದೆ. ಪ್ರತಿ ಭೇಟಿಯಲ್ಲೂ ‘ಒಮ್ಮೆ ಎಳೆದು ತೋರಿಸಿ’ ಎಂದು ಕೇಳುವ ನರ್ಸ್, ಹೊಸ ದುಬಾರಿ ಔಷಧಿಗಿಂತ ಹೆಚ್ಚು ಉಪಕಾರ ಮಾಡುತ್ತಾರೆ.

ಔಷಧಿಯಷ್ಟೇ ಶಕ್ತಿಯುತವಾದ ಚಿಕಿತ್ಸೆ ನಡಿಗೆ ಎಂದರೆ ರೋಗಿಗಳು ನಂಬುವುದಿಲ್ಲ. ಉಸಿರೇ ಸಾಲದವರಿಗೆ ನಡೆಯಲು ಹೇಳುವುದು ಕ್ರೌರ್ಯದಂತೆ ಕೇಳಿಸುತ್ತದೆ. ಆದರೆ ಏದುಸಿರಿಗೆ ಹೆದರಿ ಕುಳಿತರೆ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯುವಿಗೆ ಅದೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಬೇಕು, ಏದುಸಿರು ಇನ್ನೂ ಹೆಚ್ಚುತ್ತದೆ. ಆರರಿಂದ ಎಂಟು ವಾರ ಮೇಲ್ವಿಚಾರಣೆಯಲ್ಲಿ ನಡಿಗೆ, ಕೈಕಾಲಿನ ಬಲವರ್ಧನೆ, ತುಟಿ ಮೊನಚು ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಮಾಡಿಸಿದರೆ ಶ್ವಾಸಕೋಶದ ಅಂಕಿ ಬದಲಾಗದಿದ್ದರೂ ಬದುಕು ಬದಲಾಗುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರ ಸಲಹೆಯಂತೆ ನ್ಯುಮೊಕಾಕಲ್ ಲಸಿಕೆ ಕೂಡ ಬೇಕು.

ಚಳಿಗಾಲದಲ್ಲೋ ಜಡಿಮಳೆಯಲ್ಲೋ ಕಫದ ಬಣ್ಣ ಹಳದಿ, ಹಸಿರಿಗೆ ತಿರುಗಿ ಏದುಸಿರು ಏಕಾಏಕಿ ಹೆಚ್ಚಿದರೆ ತಡಮಾಡಬಾರದು. ಅಂಥ ಒಂದೊಂದು ಹೊಡೆತವೂ ಉಳಿದ ಸಾಮರ್ಥ್ಯದಲ್ಲಿ ಒಂದಿಷ್ಟನ್ನು ಕಸಿದುಕೊಂಡು ಹೋಗುತ್ತದೆ. ಆಗ ಕೊಡುವ ಸ್ಟಿರಾಯ್ಡ್ ಮಾತ್ರೆ ಐದು ದಿನಕ್ಕೆ ಸಾಕು ಎಂದು 2013ರಲ್ಲೇ ಸ್ವಿಟ್ಜರ್ಲೆಂಡಿನ ಪ್ರಯೋಗ ತೋರಿಸಿದೆ. ಹಾಗಿದ್ದೂ ವರ್ಷಾನುಗಟ್ಟಲೆ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ನುಂಗುತ್ತ ಮುಖ ಊದಿ, ಮೂಳೆ ಟೊಳ್ಳಾಗಿ, ಸಕ್ಕರೆ ಕಾಯಿಲೆ ತಂದುಕೊಂಡವರು ನಮ್ಮಲ್ಲಿ ಬಹಳ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಪ್ರಸಾದಕ್ಕೆ ರಾತ್ರಿಯಿಡೀ ಸರದಿಯಲ್ಲಿ ನಿಲ್ಲುವವರ ನಂಬಿಕೆಯನ್ನು ನಾನು ಹೀಯಾಳಿಸಲಾರೆ; ಉಸಿರಿಗೆ ಪರದಾಡುವವರು ಎಲ್ಲಿ ಬಾಗಿಲು ತೆರೆದಿದೆಯೋ ಅಲ್ಲಿಗೆ ಹೋಗುತ್ತಾರೆ. ಹೋಗುವಾಗ ಇನ್ಹೇಲರ್ ನಿಲ್ಲಿಸದಿರಲಿ ಎಂಬುದಷ್ಟೇ ವಿನಂತಿ.

ಆಮ್ಲಜನಕದ ಬಗ್ಗೆ ಕೋವಿಡ್ ನಂತರ ಹೊಸ ಗೊಂದಲ ಹುಟ್ಟಿಕೊಂಡಿದೆ. ಮನೆಯಲ್ಲಿ ಕಾನ್ಸಂಟ್ರೇಟರ್ ಇದೆ ಎಂದು ಏದುಸಿರು ಬಂದಾಗಲೆಲ್ಲ ಹಚ್ಚಿಕೊಳ್ಳುವುದರಿಂದ ಆಯುಷ್ಯ ಹೆಚ್ಚುವುದಿಲ್ಲ. ವಿಶ್ರಾಂತಿಯಲ್ಲಿದ್ದಾಗಲೂ ರಕ್ತದ ಆಮ್ಲಜನಕ ಶೇ 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ ಮಾತ್ರ, ದಿನಕ್ಕೆ ಕನಿಷ್ಠ 15 ಗಂಟೆ ಕೊಟ್ಟರೆ, ಜೀವ ಉಳಿಸುವ ಲಾಭವಿದೆ. 1980–81ರ ಎರಡು ಪ್ರಯೋಗಗಳು ಅದನ್ನು ಸ್ಥಾಪಿಸಿದವು. 24 ಗಂಟೆ ಕೊಟ್ಟರೆ 15 ಗಂಟೆಗಿಂತ ಹೆಚ್ಚಿನ ಲಾಭವಿಲ್ಲ ಎಂದು 2024ರಲ್ಲಿ ಸ್ವೀಡನ್ನಿನ ಪ್ರಯೋಗ ಹೇಳಿತು. ಕಾಯಿಲೆ ಉಲ್ಬಣಿಸಿ ಆಂಬುಲೆನ್ಸ್‌ನಲ್ಲಿ ಹೋಗುವಾಗ ಆಮ್ಲಜನಕವನ್ನು ಪೂರ್ತಿ ತಿರುಗಿಸಿ ಬಿಡುವುದು ಅಪಾಯಕಾರಿ: ಈ ರೋಗಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೇ ಶೇಖರವಾಗಿ ಮಂಪರು ಕವಿಯಬಹುದು. ಆಕ್ಸಿಮೀಟರಿನಲ್ಲಿ 88ರಿಂದ 92ರ ನಡುವೆ ನಿಂತರೆ ಸಾಕು. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡುಪಿಲುಮಾಬ್ ಚುಚ್ಚುಮದ್ದು, ಶ್ವಾಸಕೋಶದೊಳಗೆ ಕೂರಿಸುವ ಕವಾಟ, ಕೊನೆಗೆ ಶ್ವಾಸಕೋಶ ಕಸಿ, ಇವೆಲ್ಲ ಆಯ್ದ ಕೆಲವರಿಗೆ. ನಮ್ಮ ಬಹುಪಾಲು ರೋಗಿಗಳಿಗೆ ಬೇಕಾದ ಔಷಧಿಗಳು 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇವೆ.

ಹಾಗಿದ್ದರೆ ಸರಪಳಿ ಕಡಿದಿರುವುದು ಎಲ್ಲಿ? ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬಿಸುವ ಸಮುದಾಯ ತಪಾಸಣಾ ನಮೂನೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಅಡುಗೆಗೆ ಸೌದೆಯೋ, ಬೆಳೆಯ ಕೂಳೆಯೋ, ಬೆರಣಿಯೋ, ಗ್ಯಾಸೋ. ಇಟ್ಟಿಗೆ ಗೂಡಿನಂಥ ಹೊಗೆ–ದೂಳಿನ ಜಾಗದಲ್ಲಿ ಕೆಲಸವೋ. ಏದುಸಿರು ಇದೆಯೋ ಎಂಬೆಲ್ಲ ಪ್ರಶ್ನೆ ಅದರಲ್ಲಿವೆ. ವೈದ್ಯರು ಕೇಳಲು ಮರೆತ ಪ್ರಶ್ನೆಯನ್ನು ಆಶಾ ಆಗಲೇ ಕೇಳಿ, ಉತ್ತರ ಬರೆದುಕೊಂಡಿದ್ದಾರೆ. ರಕ್ತದೊತ್ತಡದ ಸಾಲಿನಲ್ಲಿ ಹೆಚ್ಚು ಬಂದರೆ ಮುಂದಿನ ಹೆಜ್ಜೆ ನಿಶ್ಚಿತ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಂತ್ರವಿದೆ, ಮಾತ್ರೆಯಿದೆ. ಒಲೆಯ ಸಾಲಿನಲ್ಲಿ ‘ಸೌದೆ’, ಲಕ್ಷಣದ ಸಾಲಿನಲ್ಲಿ ‘ಏದುಸಿರು’ ಎಂದು ಬಂದವರನ್ನು ಕಳಿಸಲು ಹತ್ತಿರದಲ್ಲಿ ಸ್ಪೈರೊಮೀಟರ್ ಇರುವುದು ಅಪರೂಪ. ಅಂಗೈ ಅಗಲದ ಸ್ಪೈರೊಮೀಟರ್ ಎಕ್ಸ್-ರೇ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಅಂಥದೊಂದು, ರೋಗಿಯನ್ನು ಹುರಿದುಂಬಿಸಿ ಊದಿಸಲು ಕಲಿತ ಒಬ್ಬ ತಂತ್ರಜ್ಞ, ಔಷಧಿ ಅಂಗಡಿಯ ಚೀಟಿಯ ಬದಲು ಆಸ್ಪತ್ರೆಯ ಕಿಟಕಿಯಲ್ಲೇ ಪ್ರತಿ ತಿಂಗಳೂ ತಪ್ಪದೆ ಸಿಗುವ ಟಿಯೊಟ್ರೊಪಿಯಂ ಮತ್ತು ಒಂದು ಸ್ಪೇಸರ್, ವಾರಕ್ಕೊಂದು ದಿನ ನಡಿಗೆ ಕಲಿಸುವ ಫಿಸಿಯೊಥೆರಪಿಸ್ಟ್. ಆಶಾ ತುಂಬಿಸಿದ ನಮೂನೆಗಳಲ್ಲಿ ಇಂಥವರ ಹೆಸರು, ಊರು, ಮನೆ ಎಲ್ಲವೂ ಆಗಲೇ ಇವೆ. ಮುಂದಿನ ಬಜೆಟ್ ಸಿದ್ಧವಾಗುವ ಮೊದಲು ತಾಲ್ಲೂಕುವಾರು ಆ ಹೆಸರುಗಳನ್ನು ಒಮ್ಮೆ ಎಣಿಸಿದರೆ ಎಷ್ಟು ಸ್ಪೈರೊಮೀಟರ್ ಬೇಕು ಎಂಬುದು ಆರೋಗ್ಯ ಇಲಾಖೆಗೆ ತಿಳಿಯುತ್ತದೆ.